ಮೂರನೇ ಕಂಬದ ಅಳತೆ

ಸೇತುವೆಯ ಕಂಬಕ್ಕೂ ಮೇಲಿನ ತೊಲೆಗೂ ನಡುವೆ ಒಂದೂವರೆ ಅಡಿ ಸಂದಿ. ಅದರೊಳಗೆ ತೆವಳಬಲ್ಲವಳು ಅವಳೊಬ್ಬಳೇ. ಅದಕ್ಕೇ ಕಚೇರಿಯವರು ಹಲ್ಲಿ ಎಂದು ಹೆಸರಿಟ್ಟಿದ್ದರು. ಹನ್ನೊಂದು ವರ್ಷದ ದಿನಗೂಲಿ. ಪಾರಿವಾಳದ ಹಿಕ್ಕೆಯಲ್ಲಿ ಮೊಣಕೈ ಊರಿ, ಟಾರ್ಚು ಹಿಡಿದು, ತೊಲೆಯ ಭಾರ ಹೊರುವ ಬೇರಿಂಗು ಅಳೆಯಬೇಕು, ಬರೆದಿಡಬೇಕು. ತಲೆಯ ಮೇಲೆ ಬಸ್ಸುಗಳು ಗುಡುಗುತ್ತಿದ್ದವು. ಕೆಳಗೊಂದು ಜೀವವಿದೆ ಎಂದು ಅವುಗಳಲ್ಲಿ ಕೂತವರಿಗೆ ಗೊತ್ತಿರಲಿಲ್ಲ. ಬುತ್ತಿಯನ್ನೂ ಅಲ್ಲೇ ಬಿಚ್ಚುತ್ತಿದ್ದಳು. ಗಂಡ ಹೋದ ಮೇಲೆ ಮನೆಯಲ್ಲೂ ಒಂದೇ ತಟ್ಟೆ.

ಬಿಸಿಲಿಗೆ ಹಿಗ್ಗುವ ಸೇತುವೆ ಸಲೀಸಾಗಿ ಜಾರಲೆಂದು ಪ್ರತಿ ಬೇರಿಂಗಿನಲ್ಲೂ ನುಣುಪು ಪ್ಲಾಸ್ಟಿಕ್ಕಿನ ಒಂದು ಬಿಳಿ ಹಾಳೆ ಇರುತ್ತದೆ. ಹೊಸದರಲ್ಲಿ ಅದು ಉಕ್ಕಿನ ಅಂಚಿಗಿಂತ ಮೂರು ಮಿಲಿಮೀಟರ್ ಎದ್ದಿರುತ್ತದೆ. ಆ ದಿನ ಮೂರನೇ ಕಂಬದಲ್ಲಿ ಅಳತೆಪಟ್ಟಿ ತೂರಲೇ ಇಲ್ಲ. ಹಾಳೆ ಸವೆದುಹೋಗಿ ಉಕ್ಕು ಉಕ್ಕನ್ನೇ ಕೆರೆಯುತ್ತಿತ್ತು. ಹೀಗೇ ಬಿಟ್ಟರೆ ಜಾರಲಾಗದ ತೊಲೆ ಕಂಬವನ್ನೇ ಸೀಳಬಹುದು.

"ಸಾಹೇಬ್ರೇ, ಸೊನ್ನೆ ಬಂದಿದೆ."

ಇಂಜಿನಿಯರ್ ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ. "ಲೆಕ್ಕದ ಪ್ರಕಾರ ಇನ್ನೂ ಎಂಟು ವರ್ಷ ಬಾಳಿಕೆ ಇದೆ. ಎರಡು ಅಂತ ಬರಿ."

"ಆ ಲೆಕ್ಕ ಹಳೇದು. ಕಲ್ಲುಗಣಿ ಶುರುವಾದ್ಮೇಲೆ ಲಾರಿ ಮೂರು ಪಟ್ಟು ಓಡ್ತಿವೆ."

"ಹಲ್ಲಿ ಲೊಚಗುಟ್ಟಿತು ಅಂತ ಸೇತುವೆ ಮುಚ್ಚೋಕಾಗುತ್ತಾ? ಗಣಿ ದಣಿಗಳಿಗೆ ಯಾರು ಉತ್ತರ ಹೇಳ್ತಾರೆ?"

"ನಾನು ಎರಡು ಅಂತ ಬರೆಯಲ್ಲ."

"ಹಾಗಾದ್ರೆ ನಾಳೆಯಿಂದ ಬರಬೇಡ."

ಪಕ್ಕದ ಮೇಜಿನವರು ಕಾಗದದಲ್ಲಿ ಮುಖ ಹುದುಗಿಸಿದರು.

ವಾರದ ಮೇಲೆ ಟಾರ್ಚು ಒಪ್ಪಿಸಲು ಹೋದಾಗ ಗುಮಾಸ್ತನ ಮುಂದೆ ವರದಿ ಬಿದ್ದಿತ್ತು. ಮೂರನೇ ಕಂಬ: ಎರಡು ಮಿಲಿಮೀಟರ್. ಕೆಳಗೆ ಅವಳ ರುಜು. ಅವಳು ಹಾಕಿರಲಿಲ್ಲ.

"ಇದು ನನ್ನ ರುಜು ಅಲ್ಲ!"

"ಯಾರು ನಂಬ್ತಾರೆ?" ಗುಮಾಸ್ತ ನಕ್ಕ. "ಆ ಸಂದಿಯೊಳಗೆ ಹೋಗ್ತಿದ್ದವಳು ನೀನೊಬ್ಳೇ ತಾನೇ?"

ಅವಳು ಟಾರ್ಚನ್ನು ಮೇಜಿನ ಮೇಲಿಟ್ಟಳು. ಹೌದು, ಸಾಕ್ಷಿಗೆ ಪಾರಿವಾಳಗಳಷ್ಟೇ.

ಮರುದಿನ ಬೆಳಿಗ್ಗೆ ಬಣ್ಣದ ಡಬ್ಬಿ ಹಿಡಿದು ಹೋದಳು. ಮೂರನೇ ಕಂಬದ ಮೇಲೆ ಆಳೆತ್ತರಕ್ಕೆ ಬರೆದಳು: 'ಅಳತೆ ಸೊನ್ನೆ. ಅಳೆದವಳು ನಾನು.' ತನ್ನ ನಿಜವಾದ ರುಜು ಹಾಕಿದಳು.

ಸೇತುವೆಯಡಿ ಅಂಗಡಿ ಇಟ್ಟಿದ್ದ ಪಂಕ್ಚರಿನವನು ಬಂದು ಓದಿದ. "ಏನಮ್ಮಾ ಇದು?"

ಹೇಳಿದಳು. ಅಷ್ಟೂ ಹೇಳಿದಳು. ಇಷ್ಟು ಮಾತಾಡಿ ಅದೆಷ್ಟು ಕಾಲವಾಗಿತ್ತೋ.

ಅವನು ಕತ್ತೆತ್ತಿ ತೊಲೆ ನೋಡಿದ. "ನನ್ನ ಮಗಳು ದಿನಾ ಇದರ ಮೇಲೇ ಶಾಲೆಗೆ ಹೋಗ್ತಾಳೆ. ಇಲ್ಲಿ ಬರೆದ್ರೆ ಯಾರು ಓದ್ತಾರೆ? ನಡಿಯಮ್ಮಾ, ಮೇಲಕ್ಕೆ."

ಇಬ್ಬರೂ ಹಳೇ ಟೈರುಗಳನ್ನು ಉರುಳಿಸಿಕೊಂಡು ಹತ್ತಿ ರಸ್ತೆಗೆ ಅಡ್ಡ ಪೇರಿಸಿದರು. ಕಲ್ಲು ಹೇರಿದ್ದ ಲಾರಿ ಬಂದು ನಿಂತು ಹಾರ್ನ್ ಬಾರಿಸಿತು. ಅದರ ಹಿಂದೆ ಬಸ್ಸು, ಬೈಕುಗಳು.

ಚಾಲಕ ತಲೆ ಹೊರಹಾಕಿ ಕೂಗಿದ. "ಯಾರೇ ನೀನು? ಸರಿ ಆಚೆ!"

"ಬೇರಿಂಗ್ ಅಳೆಯೋಳು," ಎಂದಳು. "ಇಳಿದು ಬಾ, ತೋರಿಸ್ತೀನಿ."