ಹತ್ತು ಹಲ್ಲಿನ ಚಕ್ರ

ನೆವಿಲ್ ಟ್ರಾಸ್ಕ್ ತನ್ನ ಟ್ಯಾಂಕಿಗೆ ವೇಗದ ಗೇರ್‌ಬಾಕ್ಸ್ ಕೇಳಿದ್ದ. ನಾನು ನಿಧಾನದ್ದು ಹಾಕಿಕೊಟ್ಟೆ. ನಡೆದದ್ದು ಇಷ್ಟೇ. ಆದರೆ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿದವನಿಗೆ ವಿವರ ಬಿಟ್ಟು ಹೇಳಲು ಬರುವುದಿಲ್ಲ.

ನಮ್ಮ ಸೀಮೋರ್ ಊರಿನ ಟ್ಯಾಂಕ್ ಕ್ಲಬ್ಬು ಭಾನುವಾರ ಬೆಳಿಗ್ಗೆ ಫುಟ್‌ಬಾಲ್ ಮೈದಾನದ ಹಿಂದಿನ ತಗಡಿನ ಶೆಡ್ಡಿನಲ್ಲಿ ಸೇರುತ್ತದೆ. ಮರಳು ಹರಡಿದ ಉದ್ದನೆಯ ಮೇಜು, ಅದರ ಮೇಲೆ ನಿಜವಾದವುಗಳ ಹದಿನಾರರಲ್ಲಿ ಒಂದು ಪಾಲಿನ ಅಳತೆಯ ಮಾದರಿ ಟ್ಯಾಂಕುಗಳು, ನಮ್ಮ ಕೈಯಲ್ಲಿ ರಿಮೋಟು. ನಿಜವಾದ ಸೆಂಚುರಿಯನ್ ಟ್ಯಾಂಕನ್ನು ವಿಯೆಟ್ನಾಮಿನಲ್ಲಿ ಓಡಿಸಿದವನು ನಮ್ಮಲ್ಲಿ ನೆವಿಲ್ ಒಬ್ಬನೇ. ಮೇಜಿನ ಮೇಲೆ ಓಡಿಸುತ್ತಿದ್ದುದೂ ಸೆಂಚುರಿಯನ್ನೇ. ಒಂದು ವರ್ಷದಿಂದ ಅವನ ಕೈ ನಡುಗುತ್ತಿತ್ತು. ಫೆಬ್ರವರಿಯಲ್ಲಿ ಅವನ ಟ್ಯಾಂಕು ಮೇಜಿನ ಅಂಚು ದಾಟಿ ಕಾರ್ಯದರ್ಶಿ ಗ್ಲೆನಿಸ್ ಪೋಕಾಕ್‌ಳ ಕಾಲಿನ ಮೇಲೆ ಬಿತ್ತು.

"ನಾಲ್ಕು ಕಿಲೋ, ಮಾರಾಯ! ಉಗುರು ನೋಡಿಲ್ಲಿ, ಬದನೆಕಾಯಿ ಆಗಿದೆ," ಎಂದಳು ಗ್ಲೆನಿಸ್ ನನ್ನನ್ನು ಪಕ್ಕಕ್ಕೆ ಕರೆದು. "ಒಂದೋ ನೀನು ಅದರ ಓಟ ತಗ್ಗಿಸು. ಇಲ್ಲಾಂದ್ರೆ ಕಮಿಟಿ ಉಳಿದ ವಯಸ್ಸಾದವರ ಹಾಗೆ ಅವನನ್ನೂ ಕುರ್ಚಿ ಮೇಲೆ ಕೂರಿಸುತ್ತೆ. ಬರೀ ನೋಡೋಕೆ."

"ನೀನೇ ಹೇಳು ಅವನಿಗೆ."

"ನಾನ್ಯಾಕೆ? ನಿನ್ನ ಗೆಳೆಯ ತಾನೆ?"

ಅದೇ ವಾರ ನೆವಿಲ್ ಸೆಂಚುರಿಯನ್ ಹೊತ್ತು ನನ್ನ ಮನೆಗೆ ಬಂದ. ಬಿದ್ದ ಏಟಿಗೆ ಒಳಗಿನ ಪ್ಲಾಸ್ಟಿಕ್ ಗೇರ್‌ಚಕ್ರಗಳ ಹಲ್ಲುಗಳು ಉದುರಿದ್ದವು.

"ಮೇಷ್ಟ್ರೇ, ಉಕ್ಕಿನದು ಹಾಕು. ವೇಗದ್ದು. ನಿನ್ನ ಪಾಠದ ಥರ ತೆವಳೋದು ಬೇಡ."

"ನಿಜವಾದದ್ದೇ ಗಂಟೆಗೆ ಮೂವತ್ತೈದು ಕಿಲೋಮೀಟರ್ ದಾಟ್ತಿರ್ಲಿಲ್ಲ. ಹದಿನಾರರಿಂದ ಭಾಗಿಸಿದ್ರೆ..."

"ಭಾಗಿಸ್ಬೇಡ. ಪುಸ್ತಕದಲ್ಲಿ ಬರೆದಷ್ಟೇ ಓಡಿಸಿದ್ದಿದ್ರೆ ನಾನಿನ್ನೂ ವಿಯೆಟ್ನಾಮಿನ ಆ ರಬ್ಬರ್ ತೋಟದಲ್ಲೇ ಮಲಗಿರ್ತಿದ್ದೆ."

ಕಮಿಟಿಯ ಮಾತು ಹೇಳಬೇಕಾದ ಹೊತ್ತು ಅದೇ ಆಗಿತ್ತು. ನಾನು ಚಹಾ ಬೇಕೇ ಎಂದು ಕೇಳಿದೆ.

ಎಡಕ್ಕೊಂದು ಬಲಕ್ಕೊಂದು, ಅವನು ಹೇಳಿದ ಗೇರ್‌ಬಾಕ್ಸ್ ಜೋಡಿಯನ್ನೇ ತರಿಸಿದೆ. ಆಮೇಲೆ ಒಳಗನ್ನು ಬದಲಾಯಿಸಿದೆ. ಮೋಟರಿಗೆ ಕಚ್ಚಿಕೊಂಡ ಹದಿನಾರು ಹಲ್ಲಿನ ಚಕ್ರ ತೆಗೆದು ಹತ್ತರದ್ದು ಕೂರಿಸಿದೆ; ಅಲ್ಲಿ ಹಲ್ಲು ಕಡಿಮೆಯಾದಷ್ಟೂ ಓಟ ನಿಧಾನ. ಅದರ ಜೊತೆಗಾರ ನಲವತ್ತರ ಜಾಗಕ್ಕೆ ನಲವತ್ತಾರು. ಎರಡರ ಮೊತ್ತ ಮೊದಲಿನಂತೆ ಐವತ್ತಾರೇ ಆದ್ದರಿಂದ ಪೆಟ್ಟಿಗೆಯಲ್ಲಿ ಒಂದು ತೂತನ್ನೂ ಸರಿಸಬೇಕಾಗಲಿಲ್ಲ. ಹೊರಗಿನಿಂದ ಯಾರಿಗೂ ಗೊತ್ತಾಗುವಂತಿರಲಿಲ್ಲ. ಎಡಬಲ ಒಂದೇ ಸಮ ತಿರುಗದಿದ್ದರೆ ಟ್ಯಾಂಕು ಒಂದು ಕಡೆಗೆ ಎಳೆಯುತ್ತದೆ. ಅದಕ್ಕಾಗಿ ಕಾಗದದಷ್ಟು ತೆಳು ವಾಷರುಗಳನ್ನು ಒಂದೊಂದಾಗಿ ಹಾಕಿ ತೆಗೆದು ಎರಡು ದಿನ ಹೊಂದಿಸಿದೆ. ಅಷ್ಟು ಅಚ್ಚುಕಟ್ಟಾದ ಕೆಲಸ ನಾನು ಹಿಂದೆ ಮಾಡಿರಲಿಲ್ಲ. ಅಳತೆಯ ಪ್ರಕಾರ ಇದೇ ನಿಜವಾದ ವೇಗ ಎಂದು ನನಗೆ ನಾನೇ ಹೇಳಿಕೊಂಡೆ.

ಭಾನುವಾರ ನೆವಿಲ್ ರಿಮೋಟು ಒತ್ತಿದ. ಮೊದಲ ಸದ್ದಿಗೇ ಅವನ ಕತ್ತು ಕಿವಿಗೊಡುವಂತೆ ವಾಲಿತು. ನನ್ನ ಕಡೆ ಒಮ್ಮೆ ನೋಡಿದ. ಟ್ಯಾಂಕು ಎರಡು ಕಂದಕ ಇಳಿದು ಹತ್ತಿ, ಕಿರಿದಾದ ಸೇತುವೆಯನ್ನು ಎಲ್ಲೂ ತಾಗದೆ ದಾಟಿತು. ನೇರ ದಾರಿ ಬಂದಾಗ ಅವನು ರಿಮೋಟಿನ ಎರಡೂ ಕಡ್ಡಿಗಳನ್ನು ಕೊನೆಯವರೆಗೆ ತಳ್ಳಿದ. ಟ್ಯಾಂಕು ಅದೇ ನಿಧಾನದಲ್ಲಿ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಕಡ್ಡಿಗಳಿಗೆ ಮುಂದೆ ಜಾಗವಿಲ್ಲದಿದ್ದರೂ ಅವನ ಹೆಬ್ಬೆರಳುಗಳು ಒತ್ತುತ್ತಲೇ ಇದ್ದವು, ಉಗುರು ಬಿಳಿಚುವಷ್ಟು.

ಎಲ್ಲರೂ ಚಪ್ಪಾಳೆ ತಟ್ಟಿದರು. "ಮುದುಕನಿಗೆ ಹರೆಯ ಬಂತು ನೋಡ್ರೋ!" ಎಂದು ಯಾರೋ ಕೂಗಿದರು.

ನೆವಿಲ್ ಟ್ಯಾಂಕನ್ನು ಬೋರಲು ಹಾಕಿದ. "ಇದು ನಾನು ಕೇಳಿದ್ದೇನಾ?"

"ನೀನು ಕೇಳಿದ್ದೇ," ಎಂದೆ.

ಅವನು ಸ್ಕ್ರೂಡ್ರೈವರ್ ತೆಗೆದುಕೊಂಡ. ಹನ್ನೊಂದು ಸ್ಕ್ರೂಗಳು. ತುದಿ ಜಾರಿ ಜಾರಿ ಹೋಗುತ್ತಿತ್ತು. ನಾನು ಕೈ ಚಾಚಿದೆ.

"ಮುಟ್ಬೇಡ."

ನಲವತ್ತು ನಿಮಿಷ ಹಿಡಿಯಿತು. ಉಳಿದವರು ಬನ್ನಿನೊಳಗೆ ಸಾಸೇಜ್ ಇಟ್ಟುಕೊಂಡು ಮೊದಲು ಜೋರಾಗಿ ಮಾತಾಡಿದರು, ಆಮೇಲೆ ಮೆಲ್ಲಗೆ, ಆಮೇಲೆ ಬಂದು ಮೇಜಿನ ಸುತ್ತ ನಿಂತರು. ಮುಚ್ಚಳ ಕಳಚಿತು. ಅವನು ಒಂದೊಂದು ಹಲ್ಲಿನ ಮೇಲೂ ಉಗುರಿಟ್ಟು ಎಲ್ಲರಿಗೂ ಕೇಳುವಂತೆ ಎಣಿಸಿದ. "...ಎಂಟು, ಒಂಬತ್ತು, ಹತ್ತು."

ಮುಂದೆ ಎಣಿಸಲು ಹಲ್ಲಿರಲಿಲ್ಲ.

"ನನ್ನ ಕೈ ನಡುಗೋದು ನನಗೇ ಗೊತ್ತಿಲ್ಲ ಅಂದ್ಕೊಂಡ್ಯಾ?" ಎಂದ. ದನಿ ನಡುಗುತ್ತಿರಲಿಲ್ಲ. "ಕುರ್ಚಿ ಮೇಲೆ ಕೂತ್ಕೋ ಅಂದಿದ್ರೆ ಕೂತ್ಕೋತಿದ್ದೆ ಕಣೋ. ನಿನ್ನ ಅಪ್ಪ ಅಜ್ಜನನ್ನೆಲ್ಲ ಬೈದು, ಕೂತ್ಕೋತಿದ್ದೆ."

ಗೇರ್‌ಬಾಕ್ಸ್‌ಗಳೆರಡನ್ನೂ ಬಿಚ್ಚಿ ಮರಳಿನ ಮೇಲಿಟ್ಟ. ಟೊಳ್ಳಾದ ಟ್ಯಾಂಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟುಹೋದ. ಆಮೇಲೆ ಕ್ಲಬ್ಬಿಗೆ ಬಂದಿಲ್ಲ. ನನ್ನ ಫೋನು ಎತ್ತುವುದಿಲ್ಲ. ಬೇಕರಿಯಲ್ಲಿ ಒಮ್ಮೆ ಎದುರಾದಾಗ, ಮಳೆ ಬರಬಹುದೇ ಎಂದು ಬೇಕರಿಯವಳನ್ನು ಕೇಳಿದ.

ಮರುವಾರ ಗ್ಲೆನಿಸ್ ಫೋನ್ ಮಾಡಿದಳು. "ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಬಿಡು. ಕಮಿಟಿ ಬಾಯಿ ಬಿಡಬೇಕಾಗಿ ಬರ್ಲಿಲ್ಲ. ಅಂದ ಹಾಗೆ, ಆ ಜೋಡಿ ಸುಮ್ನೆ ಬಿದ್ದಿದೆಯಲ್ಲ, ನನ್ನ ಟ್ಯಾಂಕಿಗೆ ಹಾಕ್ಕೊಡ್ತೀಯಾ?"

ಹಾಕಿಕೊಟ್ಟೆ. ಅವಳ ಟ್ಯಾಂಕು ನೂಲು ಹಿಡಿದಂತೆ ನೇರವಾಗಿ ಹೋಗುತ್ತದೆ. ಎಲ್ಲರೂ ಹೊಗಳುತ್ತಾರೆ.