ರೇವಮ್ಮ ಕಟ್ಟಿದ ರಾಜಧಾನಿ ಹಾಡು

ನನ್ನ ಹೆಂಡತಿ ರೇವಮ್ಮ ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು. ದೇಶದ ರಾಜ್ಯಗಳೂ ಅವುಗಳ ರಾಜಧಾನಿಗಳೂ ಮಕ್ಕಳ ಬಾಯಿಗೆ ಹತ್ತಲೆಂದು, ನಮ್ಮೂರು ಅಂದೋಲಾದಲ್ಲಿ ನಾವು ಸೋಮವಾರ ಹೇಳುವ ಭಜನೆಯ ಧಾಟಿಯಲ್ಲಿ ಒಂದು ಹಾಡು ಕಟ್ಟಿದ್ದಳು. ನಿವೃತ್ತಿಯಾದ ಮೇಲೆ ರೊಟ್ಟಿ ಬಡಿಯುತ್ತ ಅದನ್ನೇ ಮೊಮ್ಮಗಳು ಜಯಮಾಲಾಗೆ ಕಲಿಸಿದಳು. ಎಲ್ಲಿಯೂ ಬರೆದಿಡಲಿಲ್ಲ. ದೀಪಾವಳಿ ಮುಗಿದ ವಾರ ಶಿವನ ಪಾದ ಸೇರಿದಳು.

ಮೂರು ತಿಂಗಳಿಗೆ ಜಯಮಾಲಾಳ ವಸತಿಶಾಲೆಯ ಪ್ರವೇಶ ಪರೀಕ್ಷೆ ಬಂತು. ಸೀಟು ಕಡಿಮೆ, ಬರೆಯುವವರು ಬಹಳ. ರೇವಮ್ಮನ ಜೊತೆ ಕೆಲಸ ಮಾಡಿದ ಜಹೀರುದ್ದೀನ ಮಾಸ್ತರರು ಸಂಜೆ ಮನೆಗೆ ಬಂದು ಹುಡುಗಿಗೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದರು. ಪರೀಕ್ಷೆಗೆ ನಾಲ್ಕು ದಿನ ಇರುವಾಗ ಅವಳ ಉತ್ತರ ನೋಡಿ ಪೆನ್ನು ಕೆಳಗಿಟ್ಟರು. ಆಂಧ್ರದ ರಾಜಧಾನಿ ಹೈದರಾಬಾದ ಎಂದು ಬರೆದಿದ್ದಳು. ತೆಲಂಗಾಣದ ಮುಂದೆ ಖಾಲಿ, ಲಡಾಖಿನ ಮುಂದೆಯೂ ಖಾಲಿ. ಕೇಂದ್ರಾಡಳಿತ ಪ್ರದೇಶಗಳು ಈಗ ಎಂಟಾಗಿದ್ದರೂ ಏಳು ಎಂದಿದ್ದಳು. ಹಾಡು ಮೊದಲಿನಿಂದ ಹೇಳಿಕೊಂಡು ಬಂದರೇ ಅವಳಿಗೆ ಉತ್ತರ ಸಿಗುವುದು. ಹಾಡಿನಲ್ಲಿ ಇಲ್ಲದ್ದು ಅವಳ ತಲೆಯಲ್ಲೂ ಇಲ್ಲ.

ಹಾಡು ತಿದ್ದಬೇಕು ಎಂದರು ಮಾಸ್ತರರು. ನನಗೆ ಸಿಟ್ಟು ಬಂತು. ನಮ್ಮಪ್ಪನ ಕಾಲಕ್ಕೆ ನಮ್ಮ ಈ ಜೇವರ್ಗಿ ತಾಲೂಕೇ ಹೈದರಾಬಾದ ಸಂಸ್ಥಾನಕ್ಕೆ ಸೇರಿತ್ತು. ಊರು ಇದ್ದಲ್ಲೇ ಇರುತ್ತದೆ, ಗೆರೆ ಎಳೆಯುವವರಿಗೆ ಮಾತ್ರ ಸಮಾಧಾನವಿಲ್ಲ. ಎರಡನ್ನು ಒಂದು ಮಾಡುತ್ತಾರೆ, ಒಂದನ್ನು ಎರಡು. ಸತ್ತವಳ ಮಾತು ತಿದ್ದಲು ನಾನು ಯಾರು ಎಂದು ಕೇಳಿದೆ.

"ದಿಲ್ಲಿಯವರು ನಿಮ್ಮನ್ನ ಕೇಳಿ ರಾಜ್ಯ ಮಾಡ್ತಾರೇನ್ರಿ ಧರ್ಮಣ್ಣೋರ?" ಎಂದರು ಅವರು. "ರಾಯಪುರ, ರಾಂಚಿ, ಡೆಹ್ರಾಡೂನ ಹೊಸ ರಾಜಧಾನಿ ಆದ ವರ್ಷ ರೇವಮ್ಮ ಅಕ್ಕೋರು ತಾವೇ ಹಾಡು ಮುರಿದು ಕಟ್ಟಿದ್ರು. ಇದ್ದಿದ್ರ ಇದನ್ನೂ ಕಟ್ತಿದ್ರು."

ಮರುದಿನ ಲಿಂಗಪೂಜೆ ಮುಗಿಸಿ, ತಾಳ ಹಿಡಿದು ಹುಡುಗಿಯ ಮುಂದೆ ಕುಳಿತೆ. ತೆಲಂಗಾಣ ಸೇರಿಸಿದರೆ ತಾಳ ತಪ್ಪುತ್ತಿತ್ತು. ಅಮರಾವತಿಯನ್ನು ಕೂಡಿಸಿದರೆ ಮುಂದಿನ ಒಡಿಶಾಕ್ಕೆ ಜಾಗ ಉಳಿಯುತ್ತಿರಲಿಲ್ಲ. ಲೇಹ ಎರಡಕ್ಷರ, ಅದನ್ನು ಎಳೆದು ಎಳೆದು ಹೇಳಬೇಕಾಯಿತು. ದಾದ್ರಾ ನಗರ ಹವೇಲಿಯನ್ನೂ ದಮನ ದೀವನ್ನೂ ಒಂದೇ ಉಸಿರಿನಲ್ಲಿ ಹೇಳಿ ಕೆಮ್ಮು ಬಂತು. ರೇವಮ್ಮನಾದರೆ ಅರ್ಧ ಗಳಿಗೆಯಲ್ಲಿ ಕೂಡಿಸುತ್ತಿದ್ದಳು. ಹುಡುಗಿ ಮತ್ತೆ ಮತ್ತೆ ಹಳೆಯ ಸಾಲಿಗೇ ಜಾರುತ್ತಿದ್ದಳು. ನಾನು ಗದರಿಸುತ್ತಿದ್ದೆ. ಮೂರನೆಯ ದಿನ ಅವಳು ಅಳುತ್ತ ಕೇಳಿದಳು:

"ಮುತ್ಯಾ, ಆಯಿ ಸುಳ್ಳ ಕಲಿಸ್ಯಾಳೇನು?"

"ಆಕಿ ಕಲಿಸಿದಾಗ ಅದು ಖರೇನೇ ಇತ್ತು ಅಂತ ತಿಳ್ಕೊ," ಎಂದೆ. ಅದೂ ಪೂರ್ತಿ ನಿಜವಲ್ಲ. ಕೊನೆಯ ವರ್ಷಗಳಲ್ಲಿ ಅವಳಿಗೆ ಪತ್ರಿಕೆ ಓದಲು ಕಣ್ಣು ಕಾಣುತ್ತಿರಲಿಲ್ಲ, ಓದಿ ಹೇಳಬೇಕಾದವನು ನಾನು. ರಾಜ್ಯ ಒಡೆದ ಸುದ್ದಿಗಳನ್ನು ನಾನು ಹೇಳಲಿಲ್ಲ. ಮಾಸ್ತರರ ಮೇಲೆ ಹಾರಾಡಿದ್ದು ಅದಕ್ಕೇ ಇರಬೇಕು.

ಭಾನುವಾರ ಜೇವರ್ಗಿಯ ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ಶಿವನಾಮ ಹೇಳುತ್ತ ಕುಳಿತೆ. ಪರೀಕ್ಷೆ ಮುಗಿದ ಗಂಟೆ ಹೊಡೆಯಿತು. ಜಯಮಾಲಾ ನಗುತ್ತ ಬಂದಳು. ಮೂರು ರಾಜಧಾನಿ ಕೇಳಿದ್ದರಂತೆ, ಅದರಲ್ಲಿ ಆಂಧ್ರವೂ ಇತ್ತಂತೆ. ಹೊಸ ಸಾಲು ತಪ್ಪದೆ ಬಂತು ಎಂದಳು.

ಬಸ್ ನಿಲ್ದಾಣದ ದಾರಿಯಲ್ಲಿ ನನ್ನ ಕೈ ಜಗ್ಗಿದಳು.

"ಮುತ್ಯಾ, ಆಯಿ ಆ ಸಾಲ ಹೆಂಗ ಹಾಡ್ತಿದ್ಲು? ನನಗ ನೆನಪ ಬರವಲ್ದು."

ಹೇಳಲು ಬಾಯಿ ತೆರೆದೆ. ಬಂದದ್ದು ನಾನು ಕಟ್ಟಿದ ಕುಂಟು ಸಾಲೇ. ಮತ್ತೆ ಮೊದಲಿನಿಂದ ಶುರು ಮಾಡಿದೆ. ಹೈದರಾಬಾದ ಎಂಬ ಹೆಸರು ಬಂತು, ಆದರೆ ಅಲ್ಲಿ ಅವಳು ದನಿ ಇಳಿಸುತ್ತಿದ್ದ ಬಗೆ ಬರಲಿಲ್ಲ. ಮೂರು ಸಲ ಪ್ರಯತ್ನಿಸಿದೆ. ನಾಲ್ಕನೆಯ ಸಲ ಹುಡುಗಿ, "ಇರಲಿ ಬಿಡು ಮುತ್ಯಾ," ಎಂದಳು.