ಕೆಂಪಯ್ಯನವರ ಎರಡನೆಯ ಕುರ್ಚಿ

ಕೆಂಪಯ್ಯನವರ ಬೆರಳುಗಳು ಸುಮ್ಮನಿದ್ದುದನ್ನು ನಾನು ಮೊದಲು ಕಂಡದ್ದು ಹೋದ ವರ್ಷ. ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಟೈಪು ಮಾಡಿ ನಿವೃತ್ತವಾದ ಆ ಬೆರಳುಗಳು, ಲಕ್ಷ್ಮೀಪುರಂನ ಬೀದಿಯಲ್ಲಿ ಅವರು ಎಡಕ್ಕೆ ಕೊಂಚ ವಾಲಿಕೊಂಡು ನಡೆಯುವಾಗಲೂ ಗಾಳಿಯಲ್ಲಿ ಏನನ್ನೋ ಒತ್ತುತ್ತಲೇ ಇರುತ್ತಿದ್ದವು. ಮದುವೆ ಯಾಕಾಗಲಿಲ್ಲವೆಂದು ಕೇಳಿದರೆ, “ಪುರುಸೊತ್ತಾಗ್ಲಿಲ್ಲ ಕಣ್ರೀ” ಎಂದು ಮಾತು ಮುಗಿಸುವರು.

ಅವರ ಹುಚ್ಚು ಒಂದೇ, ಪಿಯಾನೊ ರೆಕಾರ್ಡುಗಳು. ಅದರಲ್ಲೂ ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಎದೆ ಬಿಚ್ಚಿ ಬರೆದು, ಸತ್ತ ಮೇಲೆ ಸ್ವಂತ ಊರಿನವರಿಗೇ ಮರೆತುಹೋದ ರೊಮ್ಯಾಂಟಿಕ್ ಸಂಗೀತಗಾರರದ್ದು ಮಾತ್ರ. “ದೊಡ್ಡೋರ್ನ ಕೇಳೋಕೆ ಪ್ರಪಂಚಾನೇ ಇದೆ. ಇವರಿಗೆ ಯಾರಿದಾರೆ?” ಎನ್ನುವರು. ಕೇಳಲು ಕೂರುವ ಮುನ್ನ ಕೋರ್ಟಿನ ಕಾಲದ ಕಂದು ಕೋಟು ತೊಟ್ಟು, ಬರೆದವನ ಹೆಸರನ್ನು ಕೋರ್ಟಿನ ಜವಾನನ ಹಾಗೆ ಮೂರು ಸಲ ಕೂಗುವರು. ಬೀದಿಯವರು ನಗುತ್ತಿದ್ದರು, ಆಡಿಕೊಳ್ಳುವ ಬಾಯಿಗೆ ಬೀಗ ಹಾಕಲಾದೀತೇ? ಕೋಣೆಯಲ್ಲಿ ಬೆತ್ತದ ಕುರ್ಚಿ ಎರಡು. ಕೊನೆಯವರೆಗೆ ಜೊತೆಗೆ ಕೂತು ಕೇಳುವ ಒಬ್ಬರು ಬೇಕೆಂಬುದು ಅವರ ಬಹುಕಾಲದ ಆಸೆ. ಆ ಎರಡನೆಯ ಕುರ್ಚಿಯಿಂದ ಒಮ್ಮೆ ಫೋನಿನ ನೆಪ ಹೇಳಿ ನಡುವೆಯೇ ಎದ್ದುಬಂದವನು ನಾನು. ಆ ನಾಚಿಕೆ ಇನ್ನೂ ಹೋಗಿಲ್ಲ.

ನಮ್ಮೂರಿನ ಗೋಕುಲಂ ಬಡಾವಣೆಗೆ ಯೋಗ ಕಲಿಯಲು ಬಂದಿದ್ದ ವಿದೇಶಿ ಹೆಂಗಸೊಬ್ಬಳು ಊರಿಗೆ ಹೊರಡುವಾಗ ಕೊಟ್ಟುಹೋದ ಒಂದು ದೊಡ್ಡ ರೆಕಾರ್ಡೆಂದರೆ ಅವರಿಗೆ ಪ್ರಾಣ. ಅದರಲ್ಲಿದ್ದದ್ದು ಹೆಜ್ಜೆ ಎಳೆಯುತ್ತ ಸಾಗುವ, ಆಳದ ದನಿಯ ಶೋಕಗೀತೆ. ತಾಯಿ ದೇವಿರಮ್ಮ ತೀರಿಕೊಂಡ ವಾರ ಅವರು ಅದನ್ನೊಂದೇ ಕೇಳಿ ದಿನ ದೂಡಿದ್ದರಂತೆ.

ನನ್ನ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ, ಮಕ್ಕಳಿಗೆ ಪಿಯಾನೊ ಕಲಿಸುವ ಜೆನಿಫರ್ ಅವರನ್ನು ಒಂದು ಸಂಜೆ ಕರೆದೊಯ್ದೆ. ಆಕೆ ಆ ಶೋಕಗೀತೆಯನ್ನು ಅಲುಗದೆ ಕೊನೆಯವರೆಗೂ ಕೇಳಿದರು. ಕೆಂಪಯ್ಯನವರ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಆಕೆ ರೆಕಾರ್ಡಿನ ನಡುವಿನ ಚೀಟಿಯತ್ತ ಬಗ್ಗಿ ನೋಡಿ, “ಸರ್, ಇದು ನಲವತ್ತೈದರ ಸ್ಪೀಡಿಂದು. ನೀವು ಮೂವತ್ಮೂರಲ್ಲಿ ಹಾಕಿದ್ದೀರಿ” ಎಂದರು. ದೊಡ್ಡ ರೆಕಾರ್ಡೆಂದರೆ ನಿಮಿಷಕ್ಕೆ ಮೂವತ್ತಮೂರು ಸುತ್ತು, ಚಿಕ್ಕದಾದರೆ ನಲವತ್ತೈದು ಎಂದು ನಂಬಿದ ಹಳೆಯ ಕೇಳುಗರು ಚೀಟಿ ಓದುವುದಿಲ್ಲ. ವೇಗ ಸರಿಪಡಿಸಿದ್ದೇ ತಡ, ಶೋಕ ಹೋಗಿ ಮದುವೆಮನೆಯ ಕುಣಿತ ಬಂತು. ಕೆಂಪಯ್ಯನವರ ಬೆರಳುಗಳು ಮೊಣಕಾಲ ಮೇಲೆ ಸುಮ್ಮನಾದದ್ದು ಆಗಲೇ.

“ಹಂಗಾದ್ರೆ ಹನ್ನೊಂದು ವರ್ಷ ನಾನು ಕೇಳಿದ್ದು ಯಾರ್ದಮ್ಮ?” ಎಂದರು.

ಮುಂದಿನ ಭಾನುವಾರ ಚರ್ಚು ಮುಗಿಸಿಕೊಂಡು ಜೆನಿಫರ್ ತಾವಾಗಿಯೇ ಬಂದು ಎರಡನೆಯ ಕುರ್ಚಿಯಲ್ಲಿ ಕೂತರು. ನಾನು ಬಾಗಿಲ ಬಳಿ ನಿಂತಿದ್ದೆ. “ಮೊದಲಿನ ಥರಾನೇ ಹಾಕಿ ಸರ್. ನಂಗೂ ಅದೇ ಹಿಡಿಸ್ತು” ಎಂದರು. ಸುಳ್ಳು ಸಾಕ್ಷಿಯ ಮಾತನ್ನೂ ಒಂದಕ್ಷರ ತಿದ್ದದೆ ಟೈಪು ಮಾಡಿದ ಮನುಷ್ಯ ಬೇಡವೆಂದು ತಲೆಯಾಡಿಸಿದರು. “ಆತ ಬರೆದಿದ್ದು ಅದಲ್ವಲ್ಲಮ್ಮ. ಗೊತ್ತಾಗ್ಬುಟ್ಟ ಮೇಲೆ ಹೆಂಗೆ ಹಾಕ್ಲಿ?” ಕೋಟಿನ ಗುಂಡಿ ಹಾಕಿಕೊಂಡು, ಹೆಸರನ್ನು ಮೂರು ಸಲ ಕೂಗಿ, ನಲವತ್ತೈದಕ್ಕೇ ತಿರುಗಿಸಿದರು. ಅವರ ಬೆರಳುಗಳು ಅಂದೂ ಆಡಲಿಲ್ಲ.

ಲೋಕ ಮರೆತವರ ಪರ ನಿಲ್ಲುವವರ ರೀತಿಯೇ ಇದು. ಎಂದೋ ಸತ್ತವನೊಬ್ಬನಿಗೆ ನ್ಯಾಯ ಸಲ್ಲಲೆಂದು ತಮಗಿದ್ದ ಒಂದೇ ಆಸರೆಯನ್ನೂ ಬಿಟ್ಟುಕೊಡುತ್ತಾರೆ. ಎರಡನೆಯ ಕುರ್ಚಿ ತುಂಬಿದ ಆ ದಿನ ಕೆಂಪಯ್ಯನವರು ಎಂದಿಗಿಂತಲೂ ಹೆಚ್ಚು ಒಂಟಿಯಾಗಿದ್ದರು.